ಇದು ಪತ್ರಿಕೆಗೆ, ಇವೆರಡು ಮನೆಗೆ

ಹೊಸನಗರ
ಗುರುವಾರ, 20 ನವೆಂಬರ್ 2025

ಮಗಳು ಸ್ವಾತಿಗೆ ಅಪ್ಪಯ್ಯನ ಆಶೀರ್ವಾದ.

ಪೇಪರ್ ಬಿಡಿಸಿದ ಕೂಡಲೇ ಇದು ಜಾರಿ ಕೆಳಗೆ ಬಿದ್ದಿರುತ್ತದೆ. ಜವಳಿ ಅಂಗಡಿಯ ಜಾಹೀರಾತು ಅಂದುಕೊಂಡು ಒಲೆಗೆ ಹಾಕಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅಂಚೆಗೆ ಹಾಕಿದರೆ ಮೊದಲು ನಿನ್ನ ಮಾವನವರ ಕೈಗೆ ಹೋಗುತ್ತದೆ, ಅವರಿಗೋ ನನ್ನ ಅಕ್ಷರ ಕಂಡರಾಗುವುದಿಲ್ಲ. ಅದಕ್ಕೇ ಪೇಪರ್ ಏಜೆಂಟನಾದ ನನಗೆ ಗೊತ್ತಿರುವ ದಾರಿ ಹಿಡಿದೆ. ನಿಮ್ಮ ಕಡೆಯ ಬಂಡಲನ್ನು ಕವಲೇದುರ್ಗದ ಕ್ರಾಸಿನಲ್ಲಿ ಇಳಿಸಿಕೊಂಡು ಸ್ಕೂಟರಿನಲ್ಲಿ ಮನೆಮನೆಗೆ ಹಾಕುತ್ತಾನಲ್ಲ, ಆ ಶಿವರಾಮನಿಗೆ ಹೇಳಿದ್ದೇನೆ. ನಾಳೆ ಒಂದು ದಿನ ಪೇಪರನ್ನು ಜಗಲಿಗೆ ಎಸೆಯದೆ ನಿನ್ನ ಕೈಗೇ ಕೊಡುತ್ತಾನೆ.

ಮೊದಲು ಇಲ್ಲಿಯ ಸಮಾಚಾರ. ಬಸ್ ಸ್ಟ್ಯಾಂಡಿನ ಹಿಂದಿನ ಅದೇ ಬಾಡಿಗೆ ಮನೆ, ಅವೇ ಎರಡು ಕೋಣೆ. ಪಕ್ಕದ ಮನೆಯ ಕನ್ನಮ್ಮ ಚೆನ್ನಾಗಿದ್ದಾಳೆ, ಅವಳ ಬಾಯಿ ಅವಳಿಗಿಂತ ಚೆನ್ನಾಗಿದೆ. ನನ್ನ ಆರೋಗ್ಯಕ್ಕೇನೂ ತೊಂದರೆಯಿಲ್ಲ. ಬೆಳಿಗ್ಗೆ ಬಂಡಲ್ ಇಳಿಸಿ, ಎಣಿಸಿ, ಬಸ್ಸಿಗೆ ಹತ್ತಿಸುವಷ್ಟರಲ್ಲಿ ಏಳು ಗಂಟೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು, ದಿನ ಮುಗಿಯುವುದಿಲ್ಲ.

ವಿಶೇಷ ಅಂದರೆ, ಹೋದ ವಾರ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಂದು ನಾಟಿ ಹುಂಜ ತಾನಾಗಿಯೇ ಸಾಗರದ ಬಸ್ಸು ಹತ್ತಿ ಹಿಂದಿನ ಸೀಟಿನ ಕೆಳಗೆ ಕೂತಿತ್ತು. ಯಾರ ಚೀಲದ್ದೋ ಅಂತ ಕಂಡಕ್ಟರ್ ಸುಮ್ಮನಾದ. ಸಾಗರದಲ್ಲಿ ಎಲ್ಲರೂ ಇಳಿದರೂ ಹುಂಜ ಇಳಿಯಲಿಲ್ಲ. ಅದೇ ಬಸ್ಸಿನಲ್ಲಿ ವಾಪಸು ಬಂದು, ಹತ್ತಿದ ಜಾಗದಲ್ಲೇ ಇಳಿದು, ಹೋಟೆಲಿನ ಹಿಂದೆ ಕೆದಕಲು ಹೋಯಿತಂತೆ. ಇನ್ನೊಂದು ಕಾರ್ಗಲ್ಲಿನದು. ಅಲ್ಲಿಯ ಕಾಲೊನಿಯಲ್ಲಿ ಒಂದು ಬೆಕ್ಕು ಆರು ವರ್ಷದಿಂದ ಎರಡು ಮನೆಯಲ್ಲಿ ಎರಡು ಹೆಸರಿನಲ್ಲಿ ಬದುಕಿತ್ತು. ಒಂದು ಮನೆಯವರಿಗೆ ಇನ್ನೊಂದು ಮನೆಯವರ ವಿಷಯ ಗೊತ್ತೇ ಇಲ್ಲ. ದನದ ಡಾಕ್ಟರು ಒಂದೇ ವಾರದಲ್ಲಿ ಅದೇ ಬೆಕ್ಕು ಎರಡನೇ ಸಲ ಚುಚ್ಚುಮದ್ದಿಗೆ ಬಂದದ್ದು ನೋಡಿ ಗುಟ್ಟು ರಟ್ಟು ಮಾಡಿದರಂತೆ. ಈಗ ಎರಡೂ ಮನೆಯವರು ಮಾತು ಬಿಟ್ಟಿದ್ದಾರೆ, ಬೆಕ್ಕು ಮಾತ್ರ ಎರಡೂ ಕಡೆ ಊಟ ಮಾಡಿಕೊಂಡಿದೆ.

ನೀನು ನಗಲಿಲ್ಲ, ಗೊತ್ತು. ಇವನ್ನು ನಾನು ಸಾಗರದ ವಾರಪತ್ರಿಕೆಗೆ ಕಳಿಸಿಲ್ಲ. ‘ಕೇಳಿದ್ದೀರಾ?’ ಅಂಕಣಕ್ಕೆ ಹದಿನೆಂಟು ವರ್ಷ ಬರೆದೆ, ಸಾಕು. ಮಾರ್ಚ್ ತಿಂಗಳ ಆ ಒಂದು ಸುದ್ದಿಯಾದ ಮೇಲೆ ಬಿಟ್ಟೆ. ಆ ಸುದ್ದಿಯಲ್ಲೂ ನಾನು ಯಾರ ಹೆಸರನ್ನೂ ಹಾಕಿರಲಿಲ್ಲ ಸ್ವಾತಿ. ಊರಿನ ಗುರುತು ಸೇರಿಸಿದ್ದು ಸಾಗರದ ಸಂಪಾದಕರು. ಅವರಿಗೆ ಎಲ್ಲದಕ್ಕೂ ಒಂದು ಊರು ಬೇಕು.

ಎಂಟು ತಿಂಗಳಿಂದ ಮಾರ್ಚಿನ ನಿನ್ನ ಆ ಫೋನನ್ನೇ ಮೆಲುಕು ಹಾಕುತ್ತಿದ್ದೇನೆ. ನಿನ್ನ ಅತ್ತೆ ಪುಷ್ಪಮ್ಮನವರು ಬಚ್ಚಲ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಪಟ್ಟಿ ಹಾಕಿಸಿಕೊಂಡಿದ್ದರು. ಕೆಂಪಿ ದನ ಅವರ ಕೈಗಲ್ಲದೆ ಯಾರ ಕೈಗೂ ಹಾಲು ಸೊರೆಯುತ್ತಿರಲಿಲ್ಲ. ನೀನು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ಕೊನೆಗೆ ಅತ್ತೆಯೇ ಉಪಾಯ ಹೇಳಿಕೊಟ್ಟು, ತಮ್ಮ ಹಳೇ ಹಸಿರು ಸೀರೆ ಉಡಿಸಿ, ತಲೆಗೆ ಅವರದೇ ವಸ್ತ್ರ ಕಟ್ಟಿ ನಿನ್ನನ್ನು ಕೊಟ್ಟಿಗೆಗೆ ಕಳಿಸಿದರು. ದನ ಮೋಸ ಹೋಯಿತು. ದನದ ಜೊತೆ ನಿನ್ನ ಮಾವನವರೂ ಮೋಸ ಹೋದರು. ಬಾಗಿಲಲ್ಲಿ ನಿಂತು, ನಿನ್ನ ಬೆನ್ನು ನೋಡಿ, ಹೆಂಡತಿ ಅಂದುಕೊಂಡು, “ಅಲ್ವೇ, ಸೊಸೆ ಹತ್ರ ಸಾರಿಗೆ ಸ್ವಲ್ಪ ಹುಳಿ ಜಾಸ್ತಿ ಹಾಕು ಅಂತ ಹೇಳೆ. ನಾನು ಹೇಳಿದ್ರೆ ಬೇಜಾರು ಮಾಡ್ಕತ್ತಾಳೆ ಪಾಪ” ಅಂದರು. ನೀನು ತಿರುಗದೆ “ಹೂಂ” ಅಂದೆ. ಮಧ್ಯಾಹ್ನದ ಸಾರಿಗೆ ಹುಳಿ ಹೆಚ್ಚು ಹಾಕಿದೆ. ಅವರು ಎರಡು ಸಲ ಬಡಿಸಿಕೊಂಡು ಉಂಡರು.

ನೀನು ನಕ್ಕು ನಕ್ಕು ಹೇಳಿದ್ದೆ. ನಕ್ಕ ಮೇಲೆ, “ಮಾವ ನನಗೆ ಬೇಜಾರಾಗ್ತದೆ ಅಂತ ಆರು ತಿಂಗಳು ಸಪ್ಪೆ ಸಾರು ಉಂಡಿದ್ರು ಅಪ್ಪಯ್ಯ” ಅಂದೆ. ಆಗ ನಿನ್ನ ದನಿ ಬೇರೆಯಾಗಿತ್ತು. ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ಕೈ ಆಗಲೇ ಪೆನ್ನು ಹುಡುಕುತ್ತಿತ್ತು.

ಆಮೇಲಿನದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಶನಿವಾರ ಪತ್ರಿಕೆ ಬಂತು. ಡೇರಿಯಲ್ಲಿ ಯಾರೋ ಗಟ್ಟಿಯಾಗಿ ಓದಿದರಂತೆ. “ಗೌಡ್ರೇ, ಇವತ್ತು ಹುಳಿ ಸಾಕಾಯ್ತಾ?” ಅಂತ ಕೇಳಿದರಂತೆ. ನಿನ್ನ ಮಾವ ಹಾಲಿನ ಕ್ಯಾನು ಅಲ್ಲೇ ಬಿಟ್ಟು ಮನೆಗೆ ಬಂದು ಅಡುಗೆಮನೆಯತ್ತ ಬರುವುದನ್ನೇ ನಿಲ್ಲಿಸಿದರು. ಊಟ ಜಗಲಿಗೇ ಹೋಗತೊಡಗಿತು. ಅಳಿಯ ನಿಶಾಂತ್ ನನ್ನನ್ನು ದೂರಲಿಲ್ಲ, ಅದು ಅವನ ದೊಡ್ಡತನ. ನೀನು ಫೋನಿನಲ್ಲಿ ಒಂದೇ ಮಾತು ಹೇಳಿ ಇಟ್ಟೆ: “ನಿನಗೆ ನಾನು ಮಗಳಲ್ಲ ಅಪ್ಪಯ್ಯ, ಸುದ್ದಿ.”

ಸಂಪಾದಕರ ಮೇಲೆ ಹಾಕಿದೆನಲ್ಲ, ಅದು ಸುಳ್ಳು. ಇಷ್ಟು ಬರೆದ ಮೇಲೆ ಆ ಸುಳ್ಳು ಇಟ್ಟುಕೊಂಡು ಮುಂದೆ ಹೋಗಲು ಆಗುತ್ತಿಲ್ಲ. ‘ಕವಲೇದುರ್ಗದ ತಪ್ಪಲಿನ ಊರೊಂದರಲ್ಲಿ, ಕೆಂಪಿ ಎಂಬ ದನ’ ಅಂತ ನಾನೇ ಬರೆದೆ. ಊರಿಲ್ಲದ ಸುದ್ದಿಯನ್ನು ಯಾರೂ ನಂಬುವುದಿಲ್ಲ ಅಂತ ಬರೆದೆ. ಸತ್ಯ ಹೇಳಬೇಕೆಂದರೆ, ಓದಿದವರು ನನ್ನ ಅಂಗಡಿಕಟ್ಟೆಗೆ ಬಂದು ಯಾವ ಊರು ಚಂದ್ರಯ್ಯನವರೇ ಅಂತ ಕೇಳಲಿ ಅಂತ ಬರೆದೆ. ಯಾರಾದರೂ ಬಂದು ಕೂತು ಏನಾದರೂ ಕೇಳಿ ಬಹಳ ದಿನವಾಗಿತ್ತು.

ನಿನ್ನ ಅಮ್ಮ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ನಿನಗೆ ನೆನಪಿರಬೇಕು. ಸಂಜೆ ಕಾಫಿಗೆ ಕೂತಾಗ ಆ ದಿನ ಕೇಳಿದ ಮೂರು ಸುದ್ದಿ ನಾನು ಹೇಳಬೇಕು. ಶ್ಯಾಮಲಾ ಕೇಳಿಸಿಕೊಂಡು, ಲೋಟ ತೊಳೆಯಲು ಎದ್ದು ಹೋಗುತ್ತಾ ತೀರ್ಪು ಕೊಡುವಳು: “ಇದು ಪತ್ರಿಕೆಗೆ. ಇವೆರಡು ಮನೆಗೆ.” ಮನೆಗೆ ಅಂದಮೇಲೆ ಮುಗಿಯಿತು, ಅದು ಹೊಸ್ತಿಲು ದಾಟುವ ಹಾಗಿಲ್ಲ. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. ಅವಳಿಗೆ ಗೊತ್ತಿದೆಯಲ್ಲ, ನನಗ್ಯಾಕೆ ಅಂತಿದ್ದೆ. ಅವಳು ಹೋಗಿ ನಾಲ್ಕು ವರ್ಷವಾಯಿತು. ಜನ ಸಮಾಧಾನ ಹೇಳಲು ಬಂದಾಗ ಅನ್ನ ಯಾರು ಮಾಡುತ್ತಾರೆ, ಬಟ್ಟೆ ಯಾರು ನೋಡುತ್ತಾರೆ ಅಂತ ಕೇಳಿದರು. ಯಾವುದು ಹೊರಗೆ ಹೇಳುವ ಮಾತು, ಯಾವುದು ಒಳಗೆ ಇಟ್ಟುಕೊಳ್ಳುವ ಮಾತು ಅಂತ ಆರಿಸಿಕೊಡುವವರು ಯಾರು ಅಂತ ಯಾರೂ ಕೇಳಲಿಲ್ಲ. ನನಗೂ ಹೊಳೆದಿರಲಿಲ್ಲ. ನೀನು ಫೋನು ಇಟ್ಟ ದಿನ ಹೊಳೆಯಿತು.

ಈಗ ಸಂಜೆ ಕಾಫಿ ಕುಡಿದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿಗೆ ಹೋಗಿ ಕೂರುತ್ತೇನೆ. ಕೊನೆಯ ಬಸ್ಸು ಬರುವ ತನಕ ಯಾರಾದರೂ ಏನಾದರೂ ಹೇಳುತ್ತಾರೆ. ಕೇಳಿಸಿಕೊಂಡು ಮನೆಗೆ ಬಂದರೆ ಹೇಳುವುದಕ್ಕೆ ಯಾರೂ ಇಲ್ಲ. ಹುಂಜದ ಕಥೆಯನ್ನು ಹತ್ತು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ನನಗೆ ಬೇಸರ ಸ್ವಾತಿ. ಇದನ್ನು ಬೇರೆ ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ.

ನೀನು ಬಸುರಿ ಅಂತ ನನಗೆ ತಿಳಿದದ್ದು ಶಿವರಾಮನಿಂದ. ಊರವರ ಮನೆಯ ಕರು ಹುಟ್ಟಿದ್ದನ್ನೂ ಬಿಡದೆ ಬರೆದವನಿಗೆ ತನ್ನ ಮಗಳ ಸುದ್ದಿ ಪೇಪರ್ ಹಾಕುವವನಿಂದ ಗೊತ್ತಾಗಬೇಕಾಯಿತು. ಮಾಡಿದ್ದುಣ್ಣೋ ಮಹರಾಯ. ಚೊಚ್ಚಲ ಹೆರಿಗೆ ತವರಿನದು. ಕರೆದುಕೊಂಡು ಬರಬೇಕಾದರೆ ಏಳರಲ್ಲಿ ಬರಬೇಕು, ಇಲ್ಲವೇ ಒಂಬತ್ತರಲ್ಲಿ. ಎಂಟರಲ್ಲಿ ಬಸುರಿ ಹೆಂಗಸನ್ನು ದಾರಿ ದಾಟಿಸುವುದಿಲ್ಲ. ಏಳನೇ ತಿಂಗಳಲ್ಲಿ ನೀವು ಕರೆಯುತ್ತೀರೇನೋ ಅಂತ ದಿನಾ ಫೋನು ನೋಡಿದೆ. ಕರೆಯಲಿಲ್ಲ. ಒಂದು ದಿನ ತಡೆಯಲಾರದೆ ಹೂವು, ಹಣ್ಣು, ಬಳೆ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಕವಲೇದುರ್ಗದ ಕ್ರಾಸಿಗೆ ಬಂದು ಇಳಿದೆ. ಅಲ್ಲಿಂದ ನಿಮ್ಮ ಮನೆ ಎಷ್ಟು ದೂರ? ಎರಡು ತಾಸು ಶಿವರಾಮನ ಗೂಡಂಗಡಿಯಲ್ಲಿ ಕೂತಿದ್ದು ಮುಂದಿನ ಬಸ್ಸಿಗೆ ವಾಪಸು ಬಂದೆ. ಹಣ್ಣನ್ನು ಕನ್ನಮ್ಮ ತಿಂದಳು. ಬಳೆ ಇದೆ.

ನಾನೂ ಬರೀ ಕೂತಿಲ್ಲ. ಬಚ್ಚಲಿಗೆ ದೊಡ್ಡ ಹಂಡೆ ಕೂರಿಸಿದ್ದೇನೆ. ಬಾಣಂತಿಗೆ ಗೀಸರಿನ ನೀರು ನೀರೇ ಅಲ್ಲ ಅಂತ ಕನ್ನಮ್ಮನ ಕಾನೂನು. ಅಮ್ಮನ ಹಳೇ ಹತ್ತಿ ಸೀರೆಗಳನ್ನು ಅವಳೇ ಒಗೆದು ಒಣಗಿಸಿ ಮಗುವಿಗೆ ಅಂತ ಚೌಕ ಚೌಕ ಹರಿದಿಟ್ಟಿದ್ದಾಳೆ. ಹರಿಯುವಾಗ ನಾನು ಹೊರಗೆ ಹೋಗಿದ್ದೆ, ಆ ಸದ್ದು ಕೇಳಲಾಗಲಿಲ್ಲ. ಶುಂಠಿ, ಕಾಳುಮೆಣಸು ಒಣಗಿಸಿ ಪುಡಿ ಮಾಡುವುದನ್ನು ನನಗೂ ಕಲಿಸಿದಳು. ಮೊದಲ ಸಲದ್ದು ಸೀದು ಹೋಗಿ, “ನಿಮ್ಮ ಮದ್ದು ತಿಂದ್ರೆ ಬಾಣಂತಿ ಎದ್ದು ಓಡ್ತಾಳೆ” ಅಂದಳು. ಎರಡನೆಯ ಸಲದ್ದಕ್ಕೆ ಬಯ್ಯಲಿಲ್ಲ.

ಬರುವ ಸೋಮವಾರ ನಿನಗೆ ಒಂಬತ್ತನೇ ತಿಂಗಳು ಶುರು. ನಾನು ಬರಲಾ? ಕನ್ನಮ್ಮನನ್ನೂ ಕರೆದುಕೊಂಡು ಕಾರು ಮಾಡಿಕೊಂಡು ಬರುತ್ತೇನೆ. ಮೊದಲು ನಿನ್ನ ಮಾವನವರ ಎದುರು ನಿಂತು ತಪ್ಪಾಯಿತು ಅನ್ನುತ್ತೇನೆ. ಅವರು ಜಗಲಿಯಲ್ಲೇ ನಿಲ್ಲಿಸಿದರೆ ಜಗಲಿಯಲ್ಲೇ ನಿಲ್ಲುತ್ತೇನೆ. ಹೂಂ ಅಂತಲೋ ಬೇಡ ಅಂತಲೋ ಶಿವರಾಮನ ಹತ್ತಿರ ಹೇಳಿ ಕಳಿಸು.

ನೀನು ಫೋನು ಎತ್ತುವುದನ್ನು ನಿಲ್ಲಿಸಿದೆ, ಪೇಪರ್ ನಿಲ್ಲಿಸಲಿಲ್ಲ. ಈ ಎಂಟು ತಿಂಗಳು ಅದೊಂದನ್ನೇ ಹಿಡಿದುಕೊಂಡು ಬದುಕಿದ್ದೇನೆ. ದಿನಾ ಬೆಳಿಗ್ಗೆ ನಿಮ್ಮ ಮನೆಯ ಪ್ರತಿಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಿನ್ನ ಹೆಸರು ಬರೆಯುವುದು ನಾನೇ. ಸಣ್ಣವಳಿದ್ದಾಗ ನೀನು ನನ್ನ ಜೊತೆ ಕೂತು ಬಂಡಲ್ ಕಟ್ಟುತ್ತಿದ್ದೆ, ಫೋನು ಬಂದರೆ ಓಡಿ ಹೋಗಿ ಎತ್ತುತ್ತಿದ್ದೆ. ಯಾರಾದರೂ ಪೇಪರ್ ಬೇಡ ಅಂದರೆ ತಪ್ಪದೆ ‘ಎಷ್ಟು ದಿನಕ್ಕೆ?’ ಅಂತ ಕೇಳಬೇಕು ಅಂತ ಹೇಳಿಕೊಟ್ಟಿದ್ದೆ. ದಿನ ಹೇಳಿದವರು ಊರಿಗೆ ಹೋಗುವವರು, ತಿರುಗಿ ಬರುತ್ತಾರೆ. ದಿನ ಹೇಳದವರು ನಮ್ಮನ್ನು ಬಿಟ್ಟವರು. ನೀನು ಹತ್ತು ವರ್ಷದವಳು, ದೊಡ್ಡ ದೊಡ್ಡವರಿಗೆ “ಎಷ್ಟು ದಿನಕ್ಕೆ ಹೇಳಿ, ಅಪ್ಪಯ್ಯ ಬೈತಾರೆ” ಅಂತ ಗದರುತ್ತಿದ್ದೆ. ಈಗ ಶಿವರಾಮನ ಫೋನು ಬಂದಾಗಲೆಲ್ಲ, ನಿಮ್ಮ ಮನೆಯ ಪೇಪರ್ ಬೇಡ ಅನ್ನುತ್ತಾನೇನೋ ಅಂತ ಹೆದರುತ್ತೇನೆ.

ಬಿಸಿನೀರು ಕುಡಿ. ಭಾರ ಎತ್ತಬೇಡ. ಕೆಂಪಿಯ ಹತ್ತಿರ ಹೋಗಬೇಡ, ಯಾವ ಸೀರೆ ಉಟ್ಟರೂ.

ಇಂತಿ,
ಮಾತು ಒಳಗೆ ಇಟ್ಟುಕೊಳ್ಳಲು ತಡವಾಗಿ ಕಲಿತ
ನಿನ್ನ ಅಪ್ಪಯ್ಯ,
ಚಂದ್ರಯ್ಯ

ಮ.ಬರಹ: ಶುಕ್ರವಾರ ಬೆಳಿಗ್ಗೆ ಐದೂಮುಕ್ಕಾಲು. ಇದನ್ನು ಮಡಿಸಿ ನಿನ್ನ ಪೇಪರಿನೊಳಗೆ ಇಡುತ್ತಿದ್ದಾಗ ಶಿವರಾಮನ ಫೋನು ಬಂತು. ಸೋಮವಾರದಿಂದ ಒಂದು ಪೇಪರ್ ಕಡಿಮೆ ಕಳಿಸಿ, ನಿಮ್ಮ ಮಗಳ ಮನೆಯದು ಬೇಡವಂತೆ, ನಿನ್ನೆ ಸಂಜೆ ಅವರೇ ಫೋನು ಮಾಡಿದ್ದರು ಅಂದ. ನಾನು ಬಂಡಲಿನ ಮೇಲೆ ಕೂತುಬಿಟ್ಟೆ. ಎಷ್ಟು ದಿನಕ್ಕೆ ಅಂತ ಕೇಳಿದೆಯಾ ಅನ್ನಲು ಹೆದರಿ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ. ಅವನೇ ಹೇಳಿದ. ಅವನು ಕೇಳುವ ಮೊದಲೇ ನೀನು “ನಾಲ್ಕು ತಿಂಗಳಿಗೆ, ಅಪ್ಪಯ್ಯನಿಗೆ ಹಾಗೇ ಹೇಳಿ” ಅಂದೆಯಂತೆ. ಆಗ ಹಿಂದಿನಿಂದ ಒಬ್ಬರು ಗಂಡಸರು, “ನಾಲ್ಕೆಂತ, ಐದು ಅನ್ನು. ತವರಲ್ಲಿ ಬಾಣಂತನ ಸರಿಯಾಗಿ ಆಗ್ಲಿ. ಮಾರ್ಚ್ ಏಪ್ರಿಲ್ ತನಕ ಸಪ್ಪೆ ಸಾರು ಉಂಡ್ರೆ ನಾನೇನು ಸಾಯಲ್ಲ” ಅಂದರಂತೆ. ನೀನು ನಕ್ಕು ಐದು ಅಂತ ತಿದ್ದಿದೆಯಂತೆ. ಸಪ್ಪೆ ಸಾರಿನ ಮಾತು ಏನೆಂದು ಶಿವರಾಮನಿಗೆ ಗೊತ್ತಾಗಲಿಲ್ಲ, ನನ್ನನ್ನು ಕೇಳಿದ. ನಾನು ಹೇಳಲಿಲ್ಲ. ಇದು ಮನೆಗೆ.