ಇಳಿದ ಮೇಲೆ ನಿಲ್ಲಬೇಕಾದ ಹೊತ್ತು

ಮಾರ್ಚ್ ೪, ಬುಧವಾರ

ಪ್ರೀತಿಯ ಗುಬ್ಬಿ,

ಒಂದು ವಿಷಯವನ್ನು ಬರೆಯದೆಯೇ ಬಿಡುವವಳಿದ್ದೆ. ಅದಿಲ್ಲದೆ ಎರಡು ಸಲ ಪತ್ರ ಬರೆದು, ಓದಿ ನೋಡಿ, ಹರಿದು ಹಾಕಿದೆ. ಹಾಗಾಗಿ ಕ್ಷೇಮಸಮಾಚಾರಕ್ಕೂ ಮುಂಚೆ ಅದನ್ನೇ ಹೇಳಿಬಿಡುತ್ತೇನೆ. ಜಾರುಹೆಜ್ಜೆಯನ್ನು ನಮ್ಮ ಆಫೀಸಿನ ವಿಡಿಯೋ ಆಟದಿಂದ ತೆಗೆಯುವುದು ‘ಸಮಿತಿಯ ತೀರ್ಮಾನ’ ಎಂದು ನಿನಗೆ ಬಂದ ಕಾಗದದಲ್ಲಿತ್ತಲ್ಲ, ಆ ಸಮಿತಿಯಲ್ಲಿದ್ದದ್ದು ಮೂವರು. ನಮ್ಮ ಮುಖ್ಯಸ್ಥರು ತೆಗೆಯೋಣ ಎಂದರು. ಹಿರಿಯ ರೆಫರಿ ಇರಲಿ ಎಂದರು. ಉಳಿದವಳು ನಾನು. ತೆಗೆಯೋಣ ಎಂದು ಬರೆದುಕೊಟ್ಟೆ.

ಈಗ ಹೇಳು, ಹೇಗಿದ್ದೀಯ? ಇಷ್ಟು ತಡವಾಗಿ ಕೇಳುತ್ತಿರುವುದಕ್ಕೆ ಕ್ಷಮಿಸು. ಜನವರಿಯ ಆ ಸಭೆ ಮುಗಿದು ಏಳು ವಾರವಾಯಿತು. ನೀನು ನನ್ನ ಕರೆ ಎತ್ತುವುದಿಲ್ಲ, ಮೆಸೇಜು ತೆರೆಯುವುದಿಲ್ಲ. ತಪ್ಪೆನ್ನಲಾರೆ. ಅದಕ್ಕೇ ಕಾಗದ, ಪೆನ್ನು ಹಿಡಿದೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಕಷ್ಟಪಟ್ಟು ಓದಿಕೋ.

ಇಲ್ಲಿ ಎಲ್ಲ ನಡೆದುಕೊಂಡು ಹೋಗುತ್ತಿದೆ. ನಿನ್ನ ಭಾವನಿಗೆ ಹಲ್ಲುನೋವು. ವೈದ್ಯರ ಹತ್ತಿರ ಹೋಗಲು ಹೆದರಿಕೊಂಡು, ಕಡಿಮೆಯಾಗಿದೆ ಎಂದು ದಿನಾ ಬೆಳಿಗ್ಗೆ ನನಗೆ ವರದಿ ಒಪ್ಪಿಸುತ್ತಾರೆ. ಆಫೀಸಿನಲ್ಲಿ ಲಿಫ್ಟು ಕೆಟ್ಟು ತಿಂಗಳಾಯಿತು. ನಾಲ್ಕು ಮಹಡಿ ಹತ್ತುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಮುಖ್ಯಸ್ಥರು ಎಲ್ಲರಿಗೂ ಬರೆದಿದ್ದಾರೆ, ಅವರ ಮನೆಯಲ್ಲಿ ಕೂತುಕೊಂಡು.

ಭಾನುವಾರ ಅಮ್ಮ ಫೋನ್ ಮಾಡಿದ್ದಳು. ನೀನು ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು ಮಾಡಿದ್ದಳೆಂದು ಕಾಣುತ್ತದೆ, ದನಿ ತಗ್ಗಿಸಿ ಮಾತಾಡಿದಳು.

“ಅವಳ ಅಂಗಿ ಗುಂಡಿ ನಾನೇ ಹಾಕ್ತಿದೀನಿ ಕಣೇ. ನಿಂಗೆ ಹೇಳಬೇಡ ಅಂದಿದಾಳೆ. ನಾನು ಹೇಳಿದೆ ಅಂತ ನೀನೂ ಹೇಳಬೇಡ.”

ಹೇಳಿಬಿಟ್ಟೆ. ಅವಳನ್ನು ಬೈಯಬೇಡ.

ನಿನಗೀಗ ಮೂವತ್ನಾಲ್ಕು. ನೀನು ಹುಟ್ಟಿದಾಗ ನನಗೆ ಹನ್ನೊಂದು. ನಿನ್ನ ಅಂಗಿಗೆ ಮೊದಲು ಗುಂಡಿ ಹಾಕಿದ ಕೈಗಳಲ್ಲಿ ನನ್ನವೂ ಇದ್ದವು. ನಿನ್ನ ಹೆಬ್ಬೆರಳನ್ನು ಬಾಯಿಂದ ಬಿಡಿಸುವುದಕ್ಕೆ ಆಗ ಎಷ್ಟು ಹೆಣಗಿದ್ದೇವೆ ಎಂಬುದು ಫೋನ್ ಇಟ್ಟ ಮೇಲೆ ನೆನಪಾಯಿತು. ಅದೇ ಬೆರಳಿಗೆ ಈಗ ಗುಂಡಿ ಎಲ್ಲಿದೆ ಎಂಬುದೂ ತಿಳಿಯುವುದಿಲ್ಲವಂತೆ.

ಆ ಸಭೆಯ ವಿಷಯ ಬರೆಯಬೇಕು. ಆಟಗಾರರ ಪರವಾಗಿ ಮಾತಾಡಲು ನಿನ್ನನ್ನೇ ಕಳಿಸುತ್ತಾರೆಂದು ನನಗೆ ಹಿಂದಿನ ದಿನ ಗೊತ್ತಾಯಿತು. ನೀನು ಬಲಗೈಯನ್ನು ಜಾಕೆಟ್ಟಿನ ಜೇಬಿನಲ್ಲಿಟ್ಟುಕೊಂಡೇ ಒಳಗೆ ಬಂದೆ. ನಮ್ಮ ಮುಖ್ಯಸ್ಥರು ಎಂದಿನಂತೆ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಹೇಳಿದರು: ನಾವು ಮಾಡಬೇಕೆಂದುಕೊಂಡದ್ದು ಇದಲ್ಲ, ಆಟದ ನಿಯಮಗಳ ಪುಸ್ತಕದಲ್ಲಿ ಇದಿಲ್ಲ, ಹೊಸದಾಗಿ ಬಂದವರು ಏನಾಯಿತೆಂದೇ ತಿಳಿಯದೆ ಸೋತು ವಾರದೊಳಗೆ ಆಟ ಬಿಡುತ್ತಾರೆ, ಮಾಡಿದವರಿಗೇ ಗೊತ್ತಿಲ್ಲದ್ದು ಪಂದ್ಯದಲ್ಲಿ ಯಾಕಿರಬೇಕು? ರೆಫರಿ ಅದಕ್ಕೆ, ಜಾರುಹೆಜ್ಜೆ ತೆಗೆದರೆ ತಾನು ಈ ಹನ್ನೊಂದು ವರ್ಷದಲ್ಲಿ ಎದ್ದು ನಿಂತು ನೋಡಿದ ಪಂದ್ಯಗಳಲ್ಲಿ ಒಂದೂ ಉಳಿಯುವುದಿಲ್ಲ, ಉಳಿದದ್ದನ್ನು ನೋಡುವಾಗ ತಾನು ಕೂತೇ ಇರಬಹುದು, ಮಂಡಿಗೆ ಒಳ್ಳೆಯದು ಎಂದರು. ಎಲ್ಲರೂ ನಕ್ಕರು. ನೀನು ನಗಲಿಲ್ಲ. ನನ್ನ ಕಡೆ ತಿರುಗಿದೆ.

“ಮೇಡಂ,” ಎಂದೆ.

ಹುಟ್ಟಿದಾಗಿನಿಂದ ನೀನು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

“ಮೇಡಂ, ನೀವು ಮಾಡಿದ್ದು ತಪ್ಪು. ನಾವು ಅದನ್ನ ವಿದ್ಯೆ ಮಾಡಿದ್ವಿ. ತಪ್ಪು ನಮ್ದು ಅಂತ ಹೇಳ್ಕೊಂಡು ಈಗ ವಿದ್ಯೆನೂ ವಾಪಸ್ ತಗೋತೀರಾ?”

ನಿನ್ನ ಮಾತು ಸರಿಯಿತ್ತು. ಇವತ್ತಿಗೂ ಸರಿ ಎಂದೇ ಅನ್ನಿಸುತ್ತದೆ. ಜಿಗಿದವನು ನೆಲಕ್ಕಿಳಿದ ಮೇಲೆ ಒಂದು ಕ್ಷಣ ಅಲ್ಲಾಡದೆ ನಿಲ್ಲಬೇಕು. ಎದುರಾಳಿಗೆ ಹೊಡೆಯಲು ಸಿಗುವ ಅವಕಾಶ ಅದು, ಜಿಗಿದದ್ದಕ್ಕೆ ತೆರುವ ಬೆಲೆ. ಆ ನಿಲ್ಲುವ ಹೊತ್ತನ್ನು ಆಟದ ಪ್ರೋಗ್ರಾಮಿನಲ್ಲಿ ಬರೆದವಳು ನಾನು. ಎರಡು ಸಾಲು ಹಿಂದುಮುಂದಾಗಿ ಬರೆದೆ, ಅಷ್ಟೇ. ಅದರಿಂದಾಗಿ, ಕಾಲು ನೆಲ ಮುಟ್ಟುವ ಸರಿಯಾದ ಕ್ಷಣದಲ್ಲಿ ತಡೆಯುವ ಗುಂಡಿ, ಓಡುವ ಗುಂಡಿ ಎರಡನ್ನೂ ಒತ್ತಿದರೆ ಆಟಕ್ಕೆ ತಾನು ಇಳಿದದ್ದೇ ಮರೆತುಹೋಗುತ್ತದೆ. ನಿಲ್ಲುವ ಬದಲು ಜಾರುತ್ತದೆ. ಜಾರುತ್ತಲೇ ಇರಬೇಕಾದರೆ ಹೆಬ್ಬೆರಳು ಸೆಕೆಂಡಿಗೆ ಆರು ಸಲ ಒತ್ತುತ್ತಿರಬೇಕು. ಇದಿಷ್ಟು ನನ್ನ ತಪ್ಪು. ಯಾವಾಗ ಜಾರಬೇಕು, ಯಾವಾಗ ಜಾರುವಂತೆ ನಟಿಸಿ ನಿಲ್ಲಬೇಕು, ಎದುರಾಳಿಯ ಉಸಿರನ್ನು ಹೇಗೆ ಕೆಡಿಸಬೇಕು, ಇದೆಲ್ಲ ನಿನ್ನದು. ನನ್ನ ಎರಡು ಸಾಲಿನಲ್ಲಿ ಇದ್ಯಾವುದೂ ಇರಲಿಲ್ಲ.

ನಾನೂ ಅದರ ಸುಖ ಉಂಡವಳೇ. ನಿನ್ನ ಎರಡನೇ ಫೈನಲ್ಲಿಗೆ ಬಂದಿದ್ದೆನಲ್ಲ, ನೀನು ಮೂಲೆಯಿಂದ ಮೂಲೆಗೆ ಜಾರಿದಾಗ ಇಡೀ ಸಭಾಂಗಣ ಎದ್ದು ನಿಂತಿತು. ಪಕ್ಕದಲ್ಲಿದ್ದವನು, ಇದನ್ನು ಮಾಡಿದವರು ಯಾರೋ ಮಹಾ ಬುದ್ಧಿವಂತರು ಎಂದ. ನಾನು ಒಳಗೊಳಗೇ ಹಿಗ್ಗಿದೆ. ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ: ಚಪ್ಪಾಳೆ ಬಿದ್ದ ದಿನ ಅದು ನನ್ನದಾಗಿತ್ತು, ಕೈ ಹೋದ ದಿನ ಅದು ಆಟಗಾರರದ್ದು ಹೇಗಾಯಿತು?

ಇನ್ನೂ ಒಂದಿದೆ. ಜಾರುಹೆಜ್ಜೆಯನ್ನು ನೀನೇ ಕಂಡುಹಿಡಿದದ್ದು ಎಂದು ಎಲ್ಲರೂ ನಂಬಿದ್ದಾರೆ. ಹಾಗಲ್ಲ ಎಂಬುದು ಗೊತ್ತಿರುವುದು ನಮ್ಮಿಬ್ಬರಿಗೇ. ಆಟ ಬಿಡುಗಡೆಯಾಗುವ ಮುಂಚೆ ನೀನು ನಮ್ಮ ಮನೆಯಲ್ಲಿದ್ದೆ, ಕೆಲಸ ಹೋಗಿ ಮಂಕಾಗಿದ್ದೆ. ನಿನ್ನನ್ನು ನಗಿಸಬೇಕೆಂದು, ಆಫೀಸಿನಲ್ಲಿ ಒಂದು ತಮಾಷೆ ಆಗಿದೆ ನೋಡು ಎಂದು ನಿನ್ನ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳಿಟ್ಟು ಒತ್ತಿ ತೋರಿಸಿದೆ. ನೀನು ನಕ್ಕೆ. ತಿಂಗಳುಗಟ್ಟಲೆ ನಗದೆ ಇದ್ದವಳು. ಆಮೇಲೆ ಕೇಳಿದವರಿಗೆಲ್ಲ ನೀನು, ‘ನಾನೇ ಆಡ್ತಾ ಆಡ್ತಾ ಕಂಡುಕೊಂಡೆ’ ಎಂದೆ, ಒಳಗಿನ ವಿಷಯ ಹೊರಗೆ ಹೇಳಿದಳೆಂದು ನನ್ನ ಕೆಲಸಕ್ಕೆ ಸಂಚಕಾರ ಬರಬಾರದೆಂದು. ಜನವರಿಯಲ್ಲಿ ನೀನು ಅದನ್ನು ಆ ಮೇಜಿನ ಮೇಲೆ ಇಡಬಹುದಿತ್ತು. ನನ್ನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ನೀನು ಇಡಲಿಲ್ಲ. ‘ಮೇಡಂ’ ಎಂದು ಮಾತ್ರ ಅಂದೆ.

ಹಾಗಿದ್ದೂ ಯಾಕೆ ತೆಗೆಯೋಣ ಎಂದೆ? ಅವತ್ತು ನಿನ್ನ ಮುಂದೆ ನೀರಿನ ಬಾಟಲಿ ಇಟ್ಟಿದ್ದರು. ಮಾತು ಮುಗಿಸಿದ ಮೇಲೆ ನೀನು ಎಡಗೈಯಿಂದ ಅದನ್ನು ರೆಫರಿಯ ಕಡೆ ಸರಿಸಿದೆ. ಅವರು ಯಾರ ಜೊತೆಗೋ ಮಾತಾಡುತ್ತಲೇ ಮುಚ್ಚಳ ತಿರುಗಿಸಿ ವಾಪಸ್ಸು ಕೊಟ್ಟರು. ಅವರಿಗೆ ಅದು ರೂಢಿಯಾಗಿತ್ತು. ಬೇರೆ ಯಾರೂ ನೋಡಲಿಲ್ಲ. ಆ ವಾರ ನೀನು ಕಲಿಸುವ ಪಾಠದ ವಿಡಿಯೋಗಳನ್ನು ಕೂತು ನೋಡಿದೆ. ನಿನ್ನ ಹತ್ತಿರ ಆಟ ಕಲಿಯುವ ಹುಡುಗಿಯರು ಅಭ್ಯಾಸ ಶುರುಮಾಡುವ ಮುಂಚೆ ಸಾಲಾಗಿ ಕೂತು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತಾರೆ. ಇನ್ನೂ ಏನೂ ಆಗಿಲ್ಲದ ಕೈಗಳಿಗೆ. ಹೇಗೆ ಸುತ್ತಬೇಕೆಂದು ನೀನು ಹೇಳಿಕೊಡುತ್ತೀಯ, ನಗುತ್ತಾ, ಚೆನ್ನಾಗಿ.

ಅದನ್ನು ನೋಡಿ ಬರೆದುಕೊಟ್ಟೆ ಎಂದು ನಂಬಿದ್ದೇನೆ. ಪೂರ್ತಿ ನಿಜವೋ ಗೊತ್ತಿಲ್ಲ. ನನ್ನ ತಪ್ಪು ಕಣ್ಣೆದುರಿನಿಂದ ಹೋದರೆ ಸಾಕು ಎಂಬ ಆಸೆಯೂ ಇತ್ತೇನೋ. ನಿನ್ನ ಹನ್ನೊಂದು ವರ್ಷವನ್ನು ತೆಗೆಯುವುದಕ್ಕೆ ನನಗೆ ಬೇಕಾದದ್ದು ಐದು ನಿಮಿಷ. ಎರಡು ಸಾಲನ್ನು ಅದಲುಬದಲು ಮಾಡಿದರೆ ಆಯಿತು. ಮಾಡಿಟ್ಟಿದ್ದೇನೆ. ಹದಿನಾರನೇ ತಾರೀಖು ಆಟಗಾರರ ಆಕ್ಷೇಪಣೆ ಕೇಳುತ್ತಾರೆ, ಇಪ್ಪತ್ತಕ್ಕೆ ಸಹಿ. ನೀನು ಮತ್ತೆ ಮಾತಾಡಲು ಬರುತ್ತೀಯ ಎಂದು ರೆಫರಿ ಹೇಳಿದರು. ಬಾ. ಅಕ್ಕ ಎದುರಿಗಿದ್ದಾಳೆ ಎಂದು ದನಿ ತಗ್ಗಿಸಬೇಡ.

ಅಮ್ಮನಿಗೆ ಮೊಣಕಾಲಿನ ಮುಲಾಮು ಕಳಿಸಿದ್ದೇನೆ, ಮುಚ್ಚಳ ಬಿಗಿಯಿದೆ, ಅವಳ ಕೈಲೇ ತೆಗೆಸು. ವೈದ್ಯರು ಹೇಳಿದ ವ್ಯಾಯಾಮ ಬಿಡಬೇಡ. ನಿನ್ನ ಕೈಗೆ ಮತ್ತೆ ಬಿಸಿ ತಣ್ಣಗೆ ತಿಳಿಯುವಂತಾಗಲಿ. ನನ್ನ ಮೇಲಿನ ಸಿಟ್ಟು ಇದ್ದರೂ ಸರಿ, ಊಟ ನಿದ್ದೆ ಕೆಡದಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ.

ಆಫೀಸಿನ ತಮಾಷೆ ಎಂದೆನಲ್ಲ, ಅದು ನನಗೆ ಗೊತ್ತಾದದ್ದು ಹೇಗೆಂದು ನೀನು ಯಾವತ್ತೂ ಕೇಳಲಿಲ್ಲ. ಆಗ ನಮ್ಮಲ್ಲಿ ಆಟ ಆಡಿ ತಪ್ಪು ಹುಡುಕುವ ಕೆಲಸಕ್ಕೆ ಒಬ್ಬ ಹೆಂಗಸು ಇದ್ದರು, ಐವತ್ತು ದಾಟಿದವರು, ಕಿಟಕಿ ಪಕ್ಕದ ಮೇಜು. ಬಿಡುಗಡೆಗೆ ಮೂರು ವಾರವಿದ್ದಾಗ ಅವರು ಕೊಟ್ಟ ವರದಿಯ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ. “ಇಳಿದ ಕೂಡಲೇ ಎರಡೂ ಗುಂಡಿ ಒತ್ತಿದರೆ ಜಾರುತ್ತದೆ. ನಲವತ್ತು ನಿಮಿಷ ಮಾಡಿ ನೋಡಿದೆ. ಹೆಬ್ಬೆರಳು ಮರಗಟ್ಟಿತು. ಸಂಜೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ದಯವಿಟ್ಟು ಸರಿಪಡಿಸಿ.” ಅದರ ಕೆಳಗಿರುವುದು ನನ್ನ ಉತ್ತರ: “ಯಾರೂ ಇದನ್ನು ಅಷ್ಟು ಹೊತ್ತು ಮಾಡುವುದಿಲ್ಲ. ಮುಗಿಯಿತು.”

ತಾರೀಖು ನೋಡು. ಅದೇ ದಿನ ಸಂಜೆ ಮನೆಗೆ ಬಂದು ನಿನ್ನ ಹೆಬ್ಬೆರಳು ಹಿಡಿದೆ. ಜಾರುತ್ತದೆ ಎಂಬ ಅರ್ಧವನ್ನು ಹೇಳಿದೆ. ಇನ್ನರ್ಧ ಹೇಳಲಿಲ್ಲ. ನೀನು ನಗುತ್ತಿದ್ದೆ.

ಇದು ಹೊರಗೆ ಬಂದರೆ ನನ್ನ ಕೆಲಸ ಹೋಗುತ್ತದೆ, ಜಾರುಹೆಜ್ಜೆಯೂ ಹೋಗುತ್ತದೆ. ಕೈ ಕೆಡುತ್ತದೆಂದು ಗೊತ್ತಿದ್ದೂ ಸರಿಪಡಿಸದೆ ಬಿಟ್ಟದ್ದನ್ನು ಯಾವ ರೆಫರಿಯೂ ಇರಲಿ ಎನ್ನಲಾರರು. ತೋರಿಸುವ ಭಾರ ನಿನ್ನ ಮೇಲೆ ಬೇಡ. ಇನ್ನೊಂದು ಪ್ರತಿಯನ್ನು ನಾನೇ ರೆಫರಿಗೆ ಕೊಡುತ್ತೇನೆ, ಹದಿಮೂರಕ್ಕೆ, ಕೈಯಾರೆ. ಅವರಿಗಿಂತ ಮುಂಚೆ ನೀನು ಓದಿರಬೇಕು. ನಿನ್ನ ಪ್ರತಿಯನ್ನು, ಈ ಪತ್ರದ ಜೊತೆ, ಅಂಚೆಗೆ ಹಾಕುವುದು ಮಾರ್ಚ್ ೯, ಸೋಮವಾರ.