ಫ್ರೀಜರಿನಲ್ಲಿ ಉಳಿದಿದ್ದ ನಿನ್ನ ಡಬ್ಬಿ

ಅಕ್ಕಾ,

ಮಂದಿಯ ಮುಂದೆ ನಿನಗೆ ‘ರೀ’ ಹಚ್ಚಿ ಮಾತಾಡುತ್ತಿದ್ದೆ, ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ‘ನೀ’ ಅನ್ನುತ್ತಿದ್ದೆ. ಈಗಲೂ ಇಬ್ಬರೇ ಇದ್ದೇವೆ ಅಂದುಕೊಂಡು ಬರೆಯುತ್ತಿದ್ದೇನೆ. ಚಚಡಿಯಿಂದ ನೀನು, ಕಿತ್ತೂರಿನಿಂದ ನಾನು, ಬೈಲಹೊಂಗಲದ ಈ ಮನೆಗೆ ಅಣ್ಣತಮ್ಮಂದಿರ ಹೆಂಡಿರಾಗಿ ಬಂದೆವು. ನೆಗೆಣ್ಣಿಯರೆಂದರೆ ಜಗಳವಾಡಲೇಬೇಕು ಅಂತ ಕಾದಿದ್ದವರಿಗೆ ಬಹಳ ನಿರಾಸೆ ಮಾಡಿದೆವು.

ಗೋವಾದ ಆ ಮದುವೆ ನೆನಪಿದೆಯೇ? ಬಿಸಿಲಿಗೆ ಗಂಟಲು ಒಣಗಿ, ಟ್ರೇಯಲ್ಲಿ ಬಂದ ಕೆಂಪು ಐಸಿನ ಗ್ಲಾಸನ್ನು ಕೋಕಂ ಶರಬತ್ತೆಂದು ತಿಳಿದು ನೀನು ಗಟಗಟ ಕುಡಿದಿದ್ದೆ. ಎರಡನೆಯದು ಕೇಳಿದಾಗಲೇ ಗೊತ್ತಾದದ್ದು, ಅದು ಹಣ್ಣು, ವೈನು ಕೂಡಿಸಿ ಹೆಪ್ಪುಗಟ್ಟಿಸಿ ಅರೆದದ್ದು ಅಂತ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನೀನು, ಮುಖ ಬಿಳಿಚಿಕೊಂಡಿತು. ಬಾಯಿ ಮುಕ್ಕಳಿಸಿ, ವಿಭೂತಿ ಹಚ್ಚಿಕೊಂಡು ಬಂದು ನನ್ನ ಕಿವಿಯಲ್ಲಿ ಹೇಳಿದೆ, “ತಪ್ಪಂತ ಗೊತ್ತೈತಿ. ಆದ್ರ ಇನ್ನೊಮ್ಮಿ ಕುಡೀಬೇಕ ಅನಸಾಕ್ಹತ್ತೈತಿ.”

ಮೊದಲ ಸಲ ಮನೆಯಲ್ಲಿ ಮಾಡಿದ ದಿನ ಎಷ್ಟು ನಕ್ಕಿದ್ದೆವು. ನನ್ನ ತಮ್ಮನಿಂದ ಕದ್ದುಮುಚ್ಚಿ ವೈನ್ ತರಿಸಿದ್ದಾಯಿತು, ಹಣ್ಣು ಫ್ರೀಜರಿನಲ್ಲಿ ಕಲ್ಲಾಯಿತು. ಅವಸರದಲ್ಲಿ ಶೇಂಗಾ ಚಟ್ನಿ ಕುಟ್ಟುವ ಮಿಕ್ಸರ್ ಜಾರಿಗೇ ಎಲ್ಲ ಸುರಿದು ತಿರುವಿಬಿಟ್ಟೆವು. ಬೆಳ್ಳುಳ್ಳಿ ನಾರುವ ಶರಬತ್ತು! ಆದರೂ ನೀನು ಬಿಡಲಿಲ್ಲ, ಮೂಗು ಹಿಡಿದುಕೊಂಡು ಕುಡಿದೆ.

ಎರಡನೆಯ ಸಲ ನನ್ನನ್ನು ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಮಾವಿನಹಣ್ಣು ನೀನೇ ಹೆಚ್ಚಿದೆ, ದ್ರಾಕ್ಷಿ ಒಂದೊಂದನ್ನೂ ಸೀಳಿ ಬೀಜ ತೆಗೆದೆ. ವೈನ್ ಸುರಿದು ಡಬ್ಬಿ ಮುಚ್ಚಿ ಬಟಾಣಿ ಚೀಲದ ಹಿಂದೆ ಅಡಗಿಸಿಟ್ಟೆ. ಅತ್ತೆ ಸೋಮವಾರ ರಾಮದುರ್ಗದ ಮಗಳ ಮನೆಗೆ ಹೋಗುವವರಿದ್ದರು. “ಅತ್ತಿಯವರು ಹೋಗಲಿ, ಆಮ್ಯಾಲ ಆರಾಮ ಕುಂತು ಕುಡಿಯೂಣು” ಅಂದಿದ್ದೆ ನೀನು. ಸೋಮವಾರ ಬರುವ ಮೊದಲೇ, ಅರಿವೆ ಒಣಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದು ಕೂತೆ. ಬೆಳಗಾವಿಯ ದವಾಖಾನೆ ಮುಟ್ಟುವುದರೊಳಗೆ...

ನಿನ್ನ ಸೀರೆಗಳನ್ನು ಹಂಚಿದಾಗ ನಾನೇ ಮಡಚಿ ಕೊಟ್ಟೆ. ಡಬ್ಬಿಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಒಬ್ಬಳೇ ಕುಡಿಯಲಾಗಲಿಲ್ಲ, ಚೆಲ್ಲಲೂ ಆಗಲಿಲ್ಲ. ನೀನು ಹೆಚ್ಚಿದ್ದು ಇನ್ನೂ ಮನೆಯಲ್ಲಿದೆ ಅನ್ನುವ ಒಂದೇ ಧೈರ್ಯದ ಮೇಲೆ ದಿನ ದೂಡಿದೆ. ಹುಚ್ಚಿ ಅನ್ನುತ್ತೀಯಾ? ಅನ್ನು. ಅನ್ನಲಿಕ್ಕಾದರೂ ಒಮ್ಮೆ ಬಾ.

ಮೊನ್ನೆ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋಯಿತು. ಮರುದಿನವೂ ಬರಲಿಲ್ಲ. ಡಬ್ಬಿಯ ಅಂಚಿನಿಂದ ಕೆಂಪು ನೀರು ಜಿನುಗತೊಡಗಿತು. ಅದನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತಿದ್ದಾಗ ಅತ್ತೆ ಬಂದರು. ಏನದು ಅಂತ ಕೇಳಲೇ ಇಲ್ಲ ಅಕ್ಕಾ. ಪಾತ್ರೆಗೆ ಸುರಿದುಕೊಂಡು, ಮಜ್ಜಿಗೆ ಕಡೆಯುವ ಕಡಗೋಲಿನಿಂದ ತಾವೇ ಕಡೆದರು. ಒಂದು ಗ್ಲಾಸ್ ತುಂಬಿ ನಿನ್ನ ಫೋಟೋದ ಮುಂದೆ ಎಡೆ ಇಟ್ಟರು.

“ಅವತ್ತ ಚಟ್ನ್ಯಾಗ ಸೆರೀ ವಾಸನಿ ಹೊಡೀತಿತ್ತು, ನನಗ ತಿಳೀಲಿಲ್ಲ ಅನ್ಕೊಂಡಿದ್ರೇನು?” ಅಂದರು. “ರಾಮದುರ್ಗಕ್ಕ ನಾ ಯಾಕ ಹೊಂಟಿದ್ದೆ? ನೀವಿಬ್ಬರೂ ಆರಾಮ ಕುಂತು ಕುಡೀರಿ ಅಂತನ.”

ಇದೊಂದು ನಿನಗೆ ಗೊತ್ತಾಗಲಿಲ್ಲವಲ್ಲ...

ಸ್ವಲ್ಪ ಹೊತ್ತಾದ ಮೇಲೆ ಎಡೆಯ ಗ್ಲಾಸನ್ನು ಎತ್ತಿಕೊಂಡು, ಇನ್ನು ಇದು ಪ್ರಸಾದ ಅನ್ನುತ್ತ ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ನನಗೆ ಕೊಟ್ಟರು. ಬೆಳ್ಳುಳ್ಳಿ ವಾಸನೆ ಇರಲಿಲ್ಲ. ಒಂದು ಬೀಜವೂ ಸಿಗಲಿಲ್ಲ. ಕೊನೆಯ ದ್ರಾಕ್ಷಿಯನ್ನು ನುಂಗದೆ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದೆ. ಎಷ್ಟು ಹೊತ್ತು ಇಟ್ಟುಕೊಳ್ಳಲಿಕ್ಕಾಗುತ್ತದೆ?

ಡಬ್ಬಿ ತೊಳೆದು ನನ್ನ ಕೈಗೆ ಕೊಡುತ್ತ ಅತ್ತೆ ಹೇಳಿದರು, “ದ್ರಾಕ್ಷಿ ಬಂದಾಗ ಮತ್ತ ಹೆಚ್ಚಿಡವಾ. ಅಕಿಗೆ ವರ್ಷಾ ವರ್ಷಾ ಇದನ್ನ ಎಡಿ ಇಡೂಣು.”

ಹೆಚ್ಚಿಡುತ್ತೇನೆ ಅಕ್ಕಾ. ಒಂದೊಂದನ್ನೂ ಸೀಳಿ, ಬೀಜ ತೆಗೆದೇ ಹೆಚ್ಚಿಡುತ್ತೇನೆ. ಆದರೆ ಅದು ನನ್ನ ಕೈಯದು.