ಅಕ್ಟೋಬರ್ ಹದಿಮೂರಕ್ಕೆ ತಾನಾಗಿಯೇ ತೆರೆಯುವ ಬಾಗಿಲು

ಜೂಜಾಟಕ್ಕೆ ಪರವಾನಗಿ ಕೊಡುವ ಕಚೇರಿಯ ಮುಖ್ಯಸ್ಥರೇ,

ನನಗೆ ಹೆದರಿಕೆಯಾಗಿದೆ. ಪೀಠಿಕೆ ಹಾಕಿ, ಹವೆಯ ಬಗ್ಗೆ ನಾಲ್ಕು ಮಾತಾಡಿ, ಆಮೇಲೆ ವಿಷಯಕ್ಕೆ ಬರುವಷ್ಟು ತಾಳ್ಮೆ ಈಗ ನನ್ನಲ್ಲಿಲ್ಲ. ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಇವತ್ತು ಶನಿವಾರ, ಅಕ್ಟೋಬರ್ ನಾಲ್ಕು. ಇನ್ನು ಒಂಬತ್ತು ದಿನಕ್ಕೆ, ಸೋಮವಾರ ಹದಿಮೂರನೇ ತಾರೀಕು, ತಾವು ಪರವಾನಗಿ ಕೊಟ್ಟಿರುವ ಅಷ್ಟೂ ಆನ್‌ಲೈನ್ ಕ್ಯಾಸಿನೊಗಳು ನನಗೆ ಮತ್ತೆ ಬಾಗಿಲು ತೆರೆಯುತ್ತವೆ. ಅದಕ್ಕೆ ಯಾರೂ ಅರ್ಜಿ ಹಾಕಬೇಕಿಲ್ಲ, ಯಾರೂ ಸಹಿ ಮಾಡಬೇಕಿಲ್ಲ, ಯಾರೂ ನನ್ನ ಮುಖ ನೋಡಬೇಕಿಲ್ಲ. ಆರು ತಿಂಗಳ ಹಿಂದೆ ತಡೆಪಟ್ಟಿಯಲ್ಲಿ ನಾನೇ ನನ್ನ ಹೆಸರು ಬರೆಸಿ, ಇವಳನ್ನು ಯಾವ ಕ್ಯಾಸಿನೊದ ಒಳಗೂ ಬಿಡಬೇಡಿ ಎಂದು ಕೇಳಿಕೊಂಡಿದ್ದೆ. ಅವಧಿ ಮುಗಿದ ಕೂಡಲೇ ಆ ಹೆಸರು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಆ ಹೊತ್ತಿಗೆ ತಮ್ಮ ಕಚೇರಿಯಲ್ಲಿ ಬಹುಶಃ ಕಾಫಿ ವಿರಾಮ ನಡೆದಿರುತ್ತದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಸ್ಮೋಲ್ಯಾಂಡ್ ಪ್ರಾಂತ್ಯದ ಬ್ಯೋರ್ಕೆಫೋರ್ಸ್ ಎಂಬ ಸಣ್ಣ ಊರಿನ ಚಿಮಣಿ ಪರೀಕ್ಷಕಿ, ವಯಸ್ಸು ಐವತ್ತೆಂಟು. ಮನೆಮನೆಗೆ ಹೋಗಿ, ಸೌದೆ ಒಲೆಯ ಚಿಮಣಿಯೊಳಗಿನ ಮಸಿ ಗುಡಿಸಿ, ಇಟ್ಟಿಗೆಯಲ್ಲಿ ಬಿರುಕಿದೆಯೇ ಎಂದು ದೀಪ ಇಳಿಬಿಟ್ಟು ನೋಡಿ, ಈ ಒಲೆಯನ್ನು ಉರಿಸಬಹುದು ಎಂದೋ ಉರಿಸಕೂಡದು ಎಂದೋ ಬರೆದುಕೊಡುವುದು ನನ್ನ ಕೆಲಸ. ನನ್ನ ಸಹಿ ಬಿದ್ದ ಮೇಲೆ ಜನ ಬೆಂಕಿ ಹಚ್ಚಿ ನಿಶ್ಚಿಂತೆಯಿಂದ ಮಲಗುತ್ತಾರೆ. ಸೈಕಲ್ ಹತ್ತುವಾಗಲೂ ಹೆಲ್ಮೆಟ್ ಹಾಕುವವಳು ನಾನು, ಹಾಲಿನ ಡಬ್ಬದ ಮೇಲಿನ ತಾರೀಕನ್ನು ಎರಡು ಸಲ ಓದುವವಳು. ಶನಿವಾರ ಮಧ್ಯಾಹ್ನ ಮೂರಕ್ಕೆ ಸರ್ಕಾರಿ ಮದ್ಯದಂಗಡಿ ಮುಖದ ಮೇಲೆ ಬಾಗಿಲು ಹಾಕಿದರೂ, ನಿಯಮ ಅಂದರೆ ನಿಯಮ ಎಂದು ಬರಿಗೈಯಲ್ಲಿ ಮನೆಗೆ ಹೋಗುವ ಜನ ನಾವು. ಸರ್ಕಾರ ಒಂದನ್ನು ಮಾರಲು ಬಿಟ್ಟಿದೆ ಎಂದರೆ ಅದರ ಹಿಂದೆ ಯಾರೋ ತಿಳಿದವರು ಕೂತು ಯೋಚಿಸಿರುತ್ತಾರೆ ಎಂದು ನಂಬಿಯೇ ಬೆಳೆದವರು. ನನ್ನ ಕೇಡು ಶುರುವಾದದ್ದು ಆ ನಂಬಿಕೆಯಿಂದ.

ಎರಡು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟು ಮೂರು ವಾರ ಸೋಫಾದ ಮೇಲೆ ಬಿದ್ದಿದ್ದೆ. ಹೊತ್ತು ಹೋಗಲೆಂದು ಫೋನಿನಲ್ಲಿ ಆಡೋಣ ಅನ್ನಿಸಿತು. ಆದರೆ ನಾನು ಕಂಡಕಂಡಲ್ಲಿ ನುಗ್ಗುವವಳಲ್ಲವಲ್ಲ! ನಂಬಿಕಸ್ಥ ಕ್ಯಾಸಿನೊ ಆರಿಸುವುದು ಹೇಗೆ ಎಂಬ ಲೇಖನವೊಂದನ್ನು ಹುಡುಕಿ, ಪೆನ್ನು ಹಿಡಿದು ಓದಿದೆ. ಪರವಾನಗಿಯ ಸಂಖ್ಯೆ ಇದೆಯೇ ನೋಡಿ, ಎಂದಿತ್ತು. ನೋಡಿದೆ, ಇತ್ತು. ಪುಟದ ನೆತ್ತಿಯ ಮೇಲೆ ಮಿತಿ ಹಾಕಿಕೊಳ್ಳುವ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ, ಆಟ ನಿಲ್ಲಿಸುವ ಮೂರು ಗುಂಡಿಗಳಿರಬೇಕು, ಎಂದಿತ್ತು. ಮೂರೂ ಇದ್ದವು, ನಮ್ಮ ಅಡುಗೆಮನೆಯ ಒಲೆಯ ಗುಂಡಿಗಳಿಗಿಂತ ಅಚ್ಚುಕಟ್ಟಾಗಿ. ಗೆದ್ದ ಹಣ ಬೇಗ ಕೈಗೆ ಬರಬೇಕು, ಕಳೆದುಕೊಂಡದ್ದನ್ನು ಬೆನ್ನಟ್ಟಬಾರದು, ತಿಂಗಳಿಗೆ ಇಷ್ಟೇ ಎಂದು ಮೊದಲೇ ಮಿತಿ ಹಾಕಬೇಕು, ಇತ್ಯಾದಿ. ಅದರಲ್ಲಿ ಒಂದು ತಪ್ಪು ಮಾತಿರಲಿಲ್ಲ. ಇವತ್ತಿಗೂ ಅದರಲ್ಲಿ ತಪ್ಪು ಹುಡುಕಲು ನನಗೆ ಆಗಿಲ್ಲ. ಹೊಲಿಗೆ ಯಂತ್ರ ಕೊಳ್ಳುವವರು ಹತ್ತು ಅಂಗಡಿ ಸುತ್ತಿ ವಿಚಾರಿಸುವ ಹಾಗೆ ವಿಚಾರಿಸಿ, ನಾನು ಬಹಳ ಒಳ್ಳೆಯ ಕ್ಯಾಸಿನೊ ಒಂದನ್ನು ಆರಿಸಿಕೊಂಡೆ.

ಆ ಕ್ಯಾಸಿನೊ ನನಗೆ ಒಂದು ದಿನವೂ ಮೋಸ ಮಾಡಲಿಲ್ಲ. ಗೆದ್ದಾಗ ಐದು ನಿಮಿಷದೊಳಗೆ ಹಣ ಬ್ಯಾಂಕಿಗೆ ಬರುತ್ತಿತ್ತು. ಮೋಸ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! ಸಿಟ್ಟು ಬಂದು, ಉಗಿದು, ಬಿಟ್ಟುಬಿಡುತ್ತಿದ್ದೆ. ಮಿತಿಯೂ ಹೇಳಿದ ಹಾಗೆ ಕೆಲಸ ಮಾಡಿತು. ತಿಂಗಳ ನಾಲ್ಕನೇ ದಿನ ಮಿತಿ ಮುಟ್ಟಿದೆ, ಬಾಗಿಲು ಮುಚ್ಚಿತು. ಆಗ ನಾನು ಏನು ಮಾಡಿದೆ ಗೊತ್ತೇ? ಪರವಾನಗಿ ನೋಡಿ, ಮೂರು ಗುಂಡಿ ನೋಡಿ, ಅಷ್ಟೇ ನಂಬಿಕಸ್ಥವಾದ ಎರಡನೇ ಕ್ಯಾಸಿನೊ ಆರಿಸಿದೆ. ಅಲ್ಲಿಯೂ ವಿವೇಕದಿಂದ ಮಿತಿ ಹಾಕಿದೆ. ಕೊನೆಗೆ ಹದಿನಾಲ್ಕು ಕ್ಯಾಸಿನೊಗಳಾದವು, ಹದಿನಾಲ್ಕರಲ್ಲೂ ವಿವೇಕದ ಮಿತಿ. ಒಂದು ಮಿತಿಗೆ ಇನ್ನೊಂದರ ಸುದ್ದಿಯೇ ಗೊತ್ತಿರಲಿಲ್ಲ. ನನ್ನಷ್ಟು ಜವಾಬ್ದಾರಿಯಿಂದ ಹಾಳಾದವರು ಈ ದೇಶದಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ.

ಆಟಗಾರರ ಮೇಲೆ ಕಾಳಜಿ ಇಡಬೇಕು ಎಂಬ ನಿಯಮವಿದೆಯಲ್ಲ, ಅದೂ ಪಾಲನೆಯಾಯಿತು. ಜನವರಿಯಲ್ಲಿ ಒಂದು ಮಧ್ಯಾಹ್ನ ವ್ಯಾನಿನಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದಾಗ ಫೋನ್ ಬಂತು. ಮೆಲ್ಕರ್ ಅಂತೆ, ಕ್ಯಾಸಿನೊದ ಕಾಳಜಿ ವಿಭಾಗದವನಂತೆ.

"ನಮಸ್ಕಾರ ಯೋರ್ಡಿಸ್! ನೀವು ಇತ್ತೀಚೆಗೆ ಸ್ವಲ್ಪ ಜಾಸ್ತಿ ಆಡ್ತಿದೀರ ಅಂತ ನಮಗೆ ಕಾಣ್ತಿದೆ. ಹೇಗನ್ನಿಸ್ತಿದೆ ನಿಮಗೆ?"

"ಚೆನ್ನಾಗಿದೀನಪ್ಪ."

"ಆಟ ಕೈಮೀರಿ ಹೋಗ್ತಿದೆ ಅಂತೇನಾದ್ರೂ ಅನ್ಸುತ್ತಾ?"

"ಇಲ್ಲಪ್ಪ. ಚಳಿಗಾಲ ನೋಡು, ಹೊತ್ತು ಹೋಗಲ್ಲ, ಅದಕ್ಕೆ."

"ಹೌದೌದು, ನಮ್ಮಮ್ಮನೂ ಹೀಗೇ, ಹೆಣಿಗೆ ಹಾಕ್ತಾ ಕೂತಿರ್ತಾರೆ. ಸರಿ, ಎಲ್ಲಾ ಚೆನ್ನಾಗಿದೆ ಅಂತ ಬರ್ಕೋತೀನಿ. ಒಳ್ಳೇದಾಗ್ಲಿ!"

ಎಲ್ಲಾ ಚೆನ್ನಾಗಿದೆ ಎಂದು ಬರೆದುಕೊಂಡ. ಅವನದೇನೂ ತಪ್ಪಿಲ್ಲ, ಹುಡುಗನ ದನಿಯಲ್ಲಿ ನಿಜವಾಗಿಯೂ ಅಕ್ಕರೆಯಿತ್ತು. ಆದರೆ ಸುಳ್ಳು ಹೇಳುವುದೇ ಕಾಯಿಲೆಯಾಗಿರುವವಳನ್ನು ಕೇಳಿ ತಿಳಿದುಕೊಂಡದ್ದಕ್ಕೆ ತಪಾಸಣೆ ಎಂದು ಹೆಸರೇ? ಒಲೆಯನ್ನು ನಿಲ್ಲಿಸಿ, "ನಿನ್ನೊಳಗೆ ಬಿರುಕಿದೆಯೇನಪ್ಪ?" ಎಂದು ಕೇಳಿ ಸಹಿ ಹಾಕಿದರೆ ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆಯೇ?

ಈ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ. ಯಾಕಿಲ್ಲ ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಹೇಳಿಲ್ಲ.

ಕಾಡಿನಂಚಿನಲ್ಲಿ ಎಬ್ಬಾ ಎಂಬ ಎಂಬತ್ತಮೂರು ವರ್ಷದ ಹೆಂಗಸು ಒಬ್ಬರೇ ಇದ್ದಾರೆ. ಮಾರ್ಚ್ ಮೊದಲ ವಾರ ಅವರ ಚಿಮಣಿ ನೋಡುವ ಸರದಿಯಿತ್ತು. ಬೆಳಗ್ಗೆ ಹತ್ತಕ್ಕೆ ಅಂಗಳದಲ್ಲಿ ವ್ಯಾನು ನಿಲ್ಲಿಸಿದೆ, ಇಳಿಯುವ ಮುಂಚೆ ಒಂದೇ ಒಂದು ಆಟ ಎಂದು ಫೋನ್ ತೆಗೆದೆ. ಮುಕ್ಕಾಲು ಗಂಟೆ ಆದ ಮೇಲೆ ಎಬ್ಬಾ ಶಾಲು ಹೊದ್ದು ಹೊರಗೆ ಬಂದು ಕಿಟಕಿ ತಟ್ಟಿದರು.

"ಏನಮ್ಮಾ, ಒಳಗೆ ಬರಲ್ವಾ? ಕಾಫಿ ಆರಿ ಕಲ್ಲಾಗ್ತಿದೆ."

"ಬಂದೆ ಎಬ್ಬಾ, ಆಫೀಸಿಂದು ಒಂಚೂರು ಕೆಲಸ ಇತ್ತು."

"ಅಯ್ಯೋ ಪಾಪ, ನಿಮ್ಮನ್ನ ಕೂರೋಕೂ ಬಿಡಲ್ಲ ಆ ಜನ. ಬಾ ಬಾ, ಏಲಕ್ಕಿ ಬನ್ನು ಮಾಡಿದೀನಿ."

ಮುಂದಿನ ಮನೆಗೆ ಆಗಲೇ ತಡವಾಗಿತ್ತು. ಬನ್ನು ತಿಂದೆ, ಒಲೆಯ ಬಾಗಿಲನ್ನು ಒಂದು ಸಲ ತೆಗೆದು ಹಾಕಿದೆ, ದೋಷವಿಲ್ಲ ಎಂದು ಬರೆದು ಸಹಿ ಮಾಡಿದೆ. ಚಾವಣಿ ಹತ್ತಲಿಲ್ಲ, ದೀಪ ಬಿಡಲಿಲ್ಲ. ಮಾರ್ಚ್ ಇಪ್ಪತ್ತೆಂಟರ ಬೆಳಗ್ಗೆ ಚಿಮಣಿಯ ಮಸಿಗೆ ಬೆಂಕಿ ಹತ್ತಿಕೊಂಡು, ಇಟ್ಟಿಗೆಯ ಬಿರುಕಿನಿಂದ ಅಟ್ಟಕ್ಕೆ ದಾಟಿತು. ಎಬ್ಬಾ ಮೊಟ್ಟೆ ತರಲು ಕೋಳಿಗೂಡಿಗೆ ಹೋಗಿದ್ದರು, ಅದೊಂದೇ ಕಾರಣಕ್ಕೆ ಇವತ್ತು ಬದುಕಿದ್ದಾರೆ. ನಾನು ಅಲ್ಲಿಗೆ ಓಡಿಹೋದಾಗ ಅವರು ಮೊಟ್ಟೆಯ ಬುಟ್ಟಿ ಹಿಡಿದೇ ಅಂಗಳದಲ್ಲಿ ನಿಂತು ಅಗ್ನಿಶಾಮಕದವರಿಗೆ ಹೇಳುತ್ತಿದ್ದರು:

"ಚಿಮಣಿ ಸರಿಯಾಗೇ ಇತ್ತಪ್ಪ. ಯೋರ್ಡಿಸ್ ಬಂದು ನೋಡಿಕೊಂಡು ಹೋಗಿದಾಳೆ, ಅವಳು ನೋಡಿದ ಮೇಲೆ ಮಾತೇ ಇಲ್ಲ. ನಾನೇ ಎಲ್ಲೋ ಹಸಿ ಸೌದೆ ಹಾಕಿರ್ಬೇಕು, ಮುದಿಗೂಬೆ."

ನಾನು ಬಾಯಿ ಬಿಡಲಿಲ್ಲ. ಹಸಿ ಸೌದೆ ಎಂದೇ ವರದಿಯಾಯಿತು. ಎಬ್ಬಾ, ಸೌದೆ ಒಣಗಿಯೇ ಇತ್ತು. ನಾನು ನೋಡಿರಲಿಲ್ಲ. ನಾಡಿದ್ದು ಸೋಮವಾರ ಅಗ್ನಿಶಾಮಕ ಕಚೇರಿಗೆ ಹೋಗಿ ಇದನ್ನೇ ಬರೆದುಕೊಡುತ್ತೇನೆ, ನನ್ನ ಕೆಲಸ ಉಳಿಯುವುದಿಲ್ಲ ಎಂಬುದು ಗೊತ್ತಿದ್ದೇ.

ಆಮೇಲೆ ತಡೆಪಟ್ಟಿಯಲ್ಲಿ ಹೆಸರು ಬರೆಸಿದೆ. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಇಲ್ಲವೇ ನಾನಾಗಿ ಬಂದು ಬಿಡಿಸಿಕೊಳ್ಳುವ ತನಕ ಎಂದು ಆಯ್ಕೆಗಳಿದ್ದವು. ಆರು ತಿಂಗಳು ಒತ್ತಿದೆ. ಅತಿಯೂ ಅಲ್ಲ, ಕಮ್ಮಿಯೂ ಅಲ್ಲ, ನಮ್ಮವರಿಗೆ ಒಪ್ಪುವ ಅಳತೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೇಸಿಗೆ ಚೆನ್ನಾಗಿ ಹೋಯಿತು. ಬೆರ್ರಿ ಹಣ್ಣು ಆರಿಸಿದೆ, ಕೆರೆಯಲ್ಲಿ ಈಜಿದೆ, ವಾಸಿಯಾದೆ ಅಂದುಕೊಂಡೆ.

ಹೋದ ವಾರ ನನ್ನ ಗಂಡ ಅಲ್ವಾರ್ ಅಡುಗೆಮನೆಯಲ್ಲಿ ಕೂತು ಬೇಟೆಯ ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ಕಾಡಿನ ದೊಡ್ಡ ಜಿಂಕೆಯಾದ ಎಲ್ಕ್ ಬೇಟೆಗೆ ಹೋಗುವ ನಮ್ಮೂರಿನ ಗುಂಪಿಗೆ ಅವನೇ ಮುಂದಾಳು.

"ಹದಿಮೂರಕ್ಕೆ ಬೆಳಗ್ಗೆ ಐದಕ್ಕೇ ಹೊರಡ್ತೀವಿ. ನೀನೇನೂ ಏಳೋಕೆ ಹೋಗ್ಬೇಡ," ಅಂದ.

"ಹದಿಮೂರಾ?"

"ಮತ್ತೆ? ಅಕ್ಟೋಬರ್ ಎರಡನೇ ಸೋಮವಾರ. ಮೂವತ್ತೊಂದು ವರ್ಷದಿಂದ ನನ್ ಜೊತೆ ಇದೀಯ, ಇನ್ನೂ ನೆನಪಿರಲ್ವಲ್ಲೇ! ಇಡೀ ವಾರ ಮನೇಲಿ ಒಬ್ಳೇ ಮಹಾರಾಣಿ ಹಾಗಿರು."

ಆ ವಾರ ನಮ್ಮೂರಿಗೆ ಊರೇ ಕಾಡಿನಲ್ಲಿರುತ್ತದೆ. ಚಿಮಣಿಯವಳನ್ನು ಯಾರೂ ಕರೆಯುವುದಿಲ್ಲ, ಅದಕ್ಕೇ ಪ್ರತಿವರ್ಷ ಆ ವಾರ ನನಗೂ ರಜೆ. ಮನೆ ಖಾಲಿ, ಕೆಲಸವಿಲ್ಲ, ಕೇಳುವವರಿಲ್ಲ. ವರ್ಷದಲ್ಲಿ ಅಂಥ ವಾರ ಅದೊಂದೇ. ಎಬ್ಬಾ ಮನೆಗೆ ಬೆಂಕಿ ಬಿದ್ದದ್ದು ಮಾರ್ಚ್ ಇಪ್ಪತ್ತೆಂಟಕ್ಕೆ, ನಾನು ಹೆಸರು ಬರೆಸಿದ್ದು ಏಪ್ರಿಲ್ ಹದಿಮೂರಕ್ಕೆ. ನಡುವೆ ಹದಿನಾರು ದಿನ ಏನು ಮಾಡುತ್ತಿದ್ದೆ? ಯೋಚಿಸುತ್ತಿದ್ದೆ ಎಂದು ಇಷ್ಟು ದಿನ ನಂಬಿದ್ದೆ. ಈಗ ಗೊತ್ತಾಗುತ್ತಿದೆ, ಕಾಯುತ್ತಿದ್ದೆ. ಅಳುತ್ತಾ ಪಶ್ಚಾತ್ತಾಪ ಪಡುತ್ತಿದ್ದವಳ ಒಳಗೇ ಇನ್ನೊಬ್ಬಳು ಕೂತು ಕ್ಯಾಲೆಂಡರಿನಲ್ಲಿ ಆರು ತಿಂಗಳು ಮುಂದಕ್ಕೆ ಎಣಿಸಿ, ಒಳ್ಳೆಯ ದಿನ ನೋಡಿ ಇಟ್ಟಿದ್ದಳು. ಅವಳು ಯಾವತ್ತು ಎಣಿಸಿದಳೋ ನನಗೆ ನೆನಪಿಲ್ಲ, ಅದೇ ನನ್ನ ಹೆದರಿಕೆ.

ಅವಧಿಯನ್ನು ನೀವೇ ಮುಂದುವರಿಸಬಹುದಲ್ಲ ಎಂದು ತಾವು ವಿನಯದಿಂದ ಹೇಳುತ್ತೀರಿ. ಬಹುದು, ಎರಡು ನಿಮಿಷದ ಕೆಲಸ. ಕಳೆದ ಆರು ದಿನದಲ್ಲಿ ಆ ಪುಟವನ್ನು ಹನ್ನೊಂದು ಸಲ ತೆರೆದು, ಹನ್ನೊಂದು ಸಲವೂ ಮುಚ್ಚಿದ್ದೇನೆ. ಒಂದು ಸಲ ಬಾಗಿಲ ಗಂಟೆ ಆಯಿತು ಎಂದು, ಒಂದು ಸಲ ಚಾರ್ಜ್ ಕಡಿಮೆ ಇದೆ ಎಂದು, ಇನ್ನೊಂದು ಸಲ ಇಷ್ಟು ದೊಡ್ಡ ತೀರ್ಮಾನವನ್ನು ಅವಸರದಲ್ಲಿ ಮಾಡಬಾರದು ಎಂದು. ಕಾರಣಗಳು ಎಷ್ಟು ಸಭ್ಯವಾಗಿ ಬರುತ್ತವೆ ಗೊತ್ತೇ? ಬೀಗದ ಕೈಯನ್ನು ಯಾರಿಂದ ಕಾಪಾಡಬೇಕೋ ಅವಳ ಕೈಗೇ ಕೊಟ್ಟು, ಆಯ್ಕೆಯ ಸ್ವಾತಂತ್ರ್ಯ ಎಂದು ತಾವು ಕೈತೊಳೆದುಕೊಂಡಿದ್ದೀರಿ. ಅಲ್ವಾರನ ಬಂದೂಕು ಉಕ್ಕಿನ ಬೀರುವಿನಲ್ಲಿದೆ. ಸರ್ಕಾರ ಅವನಿಂದ ಅದನ್ನು ಕಿತ್ತುಕೊಂಡರೆ, ಆರು ತಿಂಗಳಾಯಿತು ತಗೋ ಎಂದು ಅದು ತಾನಾಗಿ ಬೀರುವಿಗೆ ವಾಪಸು ಬರುತ್ತದೆಯೇ? ಯಾರಾದರೊಬ್ಬ ಪೊಲೀಸಿನವನು ಅವನ ಮುಖ ನೋಡುವುದಿಲ್ಲವೇ?

ನನ್ನ ಬೇಡಿಕೆ ದೊಡ್ಡದಲ್ಲ. ತಡೆಯ ಅವಧಿ ಮುಗಿದರೆ ಬಾಗಿಲು ಮುಚ್ಚಿಯೇ ಇರಲಿ. ತೆರೆಯಬೇಕು ಎನ್ನುವವರು ಒಬ್ಬ ಮನುಷ್ಯನ ಎದುರು ಕೂತು, ಯಾಕೆ ಬೇಕು ಎಂದು ಬಾಯಿಬಿಟ್ಟು ಹೇಳಲಿ. ಮಿತಿ ಎಂಬುದು ಎಲ್ಲ ಕ್ಯಾಸಿನೊಗಳಿಗೂ ಸೇರಿ ಒಂದೇ ಇರಲಿ. ಕಾನೂನು ಒಂಬತ್ತು ದಿನದಲ್ಲಿ ಬದಲಾಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಹದಿಮೂರನೇ ತಾರೀಕು ಈ ದೇಶದಲ್ಲಿ ಬಾಗಿಲು ತೆರೆಯುವುದು ನನಗೊಬ್ಬಳಿಗೇ ಅಲ್ಲವಲ್ಲ. ಎಷ್ಟು ಜನರಿಗೆ ಎಂದು ತಮ್ಮಲ್ಲಿ ಒಬ್ಬರಾದರೂ ಆ ಬೆಳಗ್ಗೆ ಎದ್ದು ನೋಡುವಿರಾ?

ಕೊನೆಯ ನಾಲ್ಕು ಸಾಲು ತಮಗಲ್ಲ, ಕ್ಷಮಿಸಿ. ನಮ್ಮ ಮನೆಯಲ್ಲಿ ಈ ಪತ್ರಿಕೆಯನ್ನು ಮೊದಲು ಬಿಡಿಸುವವನು ನನ್ನ ಗಂಡ. ಅಲ್ವಾರ್, ಎದುರಿಗೆ ಕೂತು ಹೇಳೋ ಧೈರ್ಯ ನಂಗೆ ಬರ್ಲಿಲ್ಲ ಕಣೋ. ಮಹಡಿ ಮೇಲೇ ಇದೀನಿ, ಓದಿ ಮುಗಿಸಿ ಬಾ. ಹದಿಮೂರಕ್ಕೆ ಬೇಟೆಗೆ ಹೋಗು, ನಿಲ್ಲಿಸ್ಬೇಡ. ಆದ್ರೆ ಐದು ಗಂಟೆಗೆ ನನ್ನನ್ನೂ ಎಬ್ಬಿಸಿ ಜೊತೆಗೆ ಕರ್ಕೊಂಡು ಹೋಗು. ನಾನು ಬರಲ್ಲ ಅಂತೀನಿ. ಮೊಣಕಾಲು ನೋವು ಅಂತೀನಿ, ಚಳಿ ಅಂತೀನಿ, ಈಗ ಪೂರ್ತಿ ವಾಸಿಯಾಗಿದೆ ನಂಗೆ ಅಂತ ನಗ್ತಾ ಹೇಳ್ತೀನಿ. ಒಂದನ್ನೂ ನಂಬಬೇಡ.

ಇಂತಿ,
ಇನ್ನು ಒಂಬತ್ತು ದಿನದ ಮಟ್ಟಿಗೆ ತಮ್ಮ ವಿಧೇಯಳು,
ಯೋರ್ಡಿಸ್ ಹೆಡೆನ್
ಬ್ಯೋರ್ಕೆಫೋರ್ಸ್